ಅಸೂಟಿ ದಾರಿಯ ಚಿರತೆ

ಮಕ್ಕಳಿಗೆ ಪ್ರಶ್ನೆ ಕೇಳುವುದನ್ನು ಕಲಿಸಿದವರಿಗೆ ನೆಮ್ಮದಿ ಇರುವುದಿಲ್ಲ, ಆದರೆ ನಗುವಿಗೇನೂ ಕೊರತೆಯಿಲ್ಲ. ರೋಣ ತಾಲೂಕಿನ ಹೈಸ್ಕೂಲೊಂದರಲ್ಲಿ ಸಮಾಜ ವಿಜ್ಞಾನ ಕಲಿಸುವ ನನಗೆ ಇದು ಚೆನ್ನಾಗಿ ಗೊತ್ತು.

ಟೆಸ್ಟು

ಮೊಬೈಲಿನಲ್ಲಿ ಬಂದದ್ದನ್ನೆಲ್ಲ ನಂಬುವ ಮಕ್ಕಳನ್ನು ನೋಡಿ ನೋಡಿ ಸಾಕಾಗಿತ್ತು. ಯಾವ ವಿಷಯದ ಪಾಠವೇ ಇರಲಿ, ಮಕ್ಕಳು ಮೂರು ಪ್ರಶ್ನೆ ಕೇಳಲೇಬೇಕೆಂದು ಹಟ ಹಿಡಿದೆ. ಯಾರು ಹೇಳಿದರು? ಅವರಿಗೆ ಹೇಗೆ ಗೊತ್ತು? ಬೇರೆ ಯಾರು ಹೇಳುತ್ತಾರೆ? ಹೆಡ್‌ಮಾಸ್ತರರಿಗೆ ಇದು ಎಷ್ಟು ಹಿಡಿಸಿತೆಂದರೆ, ಎಲ್ಲ ಕ್ಲಾಸಿನ ಗೋಡೆಗೂ ಬರೆಸಿಬಿಟ್ಟರು.

ಮರುದಿನವೇ ಗಣಿತದ ಮಾಸ್ತರರು, "ನಾಳೆ ಟೆಸ್ಟ್ ಐತಿ" ಎಂದರು.

"ಬೇರೆ ಯಾರು ಹೇಳ್ತಾರ್ರಿ ಸರ್?" ಎಂದಿತು ಇಡೀ ಕ್ಲಾಸು.

ಮಾಸ್ತರರು ಸಿಟ್ಟಿನಿಂದ ಹೆಡ್‌ಮಾಸ್ತರರನ್ನೇ ಕರೆತಂದರು. ಅವರು ತಲೆ ಕೆರೆದುಕೊಂಡು, "ಯಾವ ಟೆಸ್ಟ್ ರಿ? ನನಗ ಗೊತ್ತಿಲ್ಲಲ್ಲ!" ಎಂದರು. ಟೆಸ್ಟು ರದ್ದಾಯಿತು.

ಉಳ್ಳಾಗಡ್ಡಿ

ಪಕ್ಕದೂರು ಅಸೂಟಿಯಿಂದ ಬರುವ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಭಾರೀ ಚುರುಕು. ಒಂದು ದಿನ ಅವಳ ಅಪ್ಪ ಈರುಳ್ಳಿ ವಾಸನೆಯೊಂದಿಗೆ ಬಂದರು.

"ಅಕ್ಕೋರ, ನಿಮ್ಮ ಪ್ರಶ್ನಿ ಸಾಲ್ಯಾಗ ಇರ್ಲಿ. ಮೊಣಕಾಲಿಗೆ ಉಳ್ಳಾಗಡ್ಡಿ ಕಟ್ಟಿದ್ರ ನೋವು ಹೋಗ್ತೈತಿ ಅಂತ ಮೊಬೈಲನ್ಯಾಗ ಬಂದಿತ್ತು. ಕಟಗೊಂಡ್ರ, ನನ್ನ ಮಗಳು ಯಾವ ಡಾಕ್ಟರ್ ಹೇಳ್ಯಾರ, ಯಾವ ದವಾಖಾನಿ ಅಂತ ಜೀವಾ ತಿಂದ್ಲು. ಈಗ ಮನ್ಯಾಗ ನನ್ನ ಮಾತು ಯಾರೂ ನಂಬವಲ್ರು. ಹಿಂಗಾದ್ರ ಸಾಲಿ ಬಿಡಸ್ತೀನಿ ನೋಡ್ರಿ!"

ಬಿಡಿಸಿಯೇಬಿಟ್ಟಾರೆಂದು ಹೆದರಿದೆ. ಆದರೂ ಕೇಳಿದೆ, "ನೋವು ಕಡಿಮಿ ಆತೇನ್ರಿ?"

"ನೋವು ಹಂಗ ಐತ್ರಿ. ಆದ್ರ ನಮ್ಮ ನಾಯಿ ಸೈತ ಬಾಜೂಕ ಬರವಲ್ದು."

ಚಿರತೆ

ಹೆದರಿದ್ದೇ ಆಯಿತು. ಒಂದು ಮುಂಜಾನೆ ಅಸೂಟಿಯ ಹುಡುಗಿಯರು ಒಬ್ಬರೂ ಬರಲಿಲ್ಲ. ಬಂದವರು ಅದೇ ಅಪ್ಪ, ಮಗಳ ಕೈ ಹಿಡಿದುಕೊಂಡು.

"ಟಿಸಿ ಕೊಡ್ರಿ ಅಕ್ಕೋರ. ಅಸೂಟಿ ದಾರ್ಯಾಗ ಚಿರತಿ ಬಂದೈತಿ, ವಿಡಿಯೋ ನೋಡ್ರಿ. ಊರಾಗ ಯಾರೂ ಹೆಣ್ಣಮಕ್ಕಳನ್ನ ಕಳಸೂದಿಲ್ಲ."

ಒಮ್ಮೆ ಶಾಲೆ ಬಿಟ್ಟ ಹುಡುಗಿಯನ್ನು ಮತ್ತೆ ಕರೆತರುವುದು ಎಷ್ಟು ಕಷ್ಟವೆಂದು ನನಗೆ ಗೊತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಹುಡುಗಿ ಅಪ್ಪನ ಮೊಬೈಲು ಕಸಿದುಕೊಂಡಳು.

"ಅಪ್ಪಾ, ಇಲ್ಲಿ ಮಣ್ಣು ಕೆಂಪೈತಿ, ಹಿಂದ ತೆಂಗಿನ ತ್ವಾಟ ಐತಿ. ನಮ್ಮೂರ ದಾರ್ಯಾಗ ಬರೇ ಕರೀ ಎರಿ ಹೊಲ. ಈ ಚಿರತಿ ನಮ್ಮದಲ್ಲ. ಕಳಿಸಿದವ್ರು ಯಾರು?"

"ಸಾಲಿ ಗ್ರೂಪಿನ್ಯಾಗ ಬಂದೈತವಾ."

ಮೂವರೂ ಬಗ್ಗಿ ನೋಡಿದೆವು. ಕಳಿಸಿದವರು ಹೆಡ್‌ಮಾಸ್ತರರು!

ಅಷ್ಟರಲ್ಲಿ ಅವರೇ ಬಂದರು. ದಿನವೂ ಅಸೂಟಿ ದಾರಿಯಲ್ಲೇ ಬೈಕಿನಲ್ಲಿ ಬರುವವರು ಅಂದು ಬಸ್ಸಿಳಿದು ನಡೆದು ಬಂದಿದ್ದರು. ವಿಷಯ ಕೇಳಿ ನಾಲಿಗೆ ಕಚ್ಚಿಕೊಂಡರು.

"ನನ್ನ ವಿಜ್ಞಾನದ ಪಾಠಕ್ಕಂತ ಯಾವುದೋ ವಿಡಿಯೋಕ್ಕ ಅಸೂಟಿ ಹೆಸರು ಹಚ್ಚಿ ನಾನ ಮಾಡಿದ್ದು ರಿ. 'ಖರೇನೋ ಸುಳ್ಳೋ ಹೇಳ್ರಿ' ಅಂತ ಬರಿಯೂದು ಮರ್ತೆ, ಕ್ಲಾಸಿನ ಗ್ರೂಪಿಗೆ ಹಾಕೂದು ಸಾಲಿ ಗ್ರೂಪಿಗೆ ಹೋತು."

"ಹಂಗಾರ ಬೈಕ್ ಯಾಕ ಬಿಟ್ಟು ಬಂದ್ರಿ ಸರ್?" ಎಂದಳು ಹುಡುಗಿ.

ಹೆಡ್‌ಮಾಸ್ತರರು ದನಿ ತಗ್ಗಿಸಿದರು. "ನಿನ್ನಿ ಸಂಜಿಮುಂದ ಅದ ವಿಡಿಯೋ ನಾಕು ಮಂದಿ ನನಗ ತಿರುಗಿ ಕಳಿಸಿದ್ರವಾ. ಬೇರೆಯವ್ರೂ ಹೇಳಾಕತ್ತಾರಂದ್ರ ಖರೇನ ಇರಬೇಕು ಅನಿಸ್ತು!"

ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. ಟಿಸಿಯ ಮಾತು ಅಲ್ಲಿಗೇ ಮುಗಿಯಿತು. ಮಗಳ ಬೆನ್ನು ತಟ್ಟಿ ಹೇಳಿದರು:

"ಹೋಗವಾ ಕ್ಲಾಸಿಗೆ. ಜಾಗಾ ಇದ್ರ ಸರ್‌ನೂ ಬಾಜೂಕ ಕುಂದ್ರಿಸ್ಕೊ."