ಅನುಮಾನದ ಕುರ್ಚಿ

ರೊಟ್ಟಿ ಬೇಯುವ ಹೊತ್ತಿನಲ್ಲಿ ಮನೆ ಬಾಗಿಲು ಬಡಿಯಬಾರದು ಎಂದು ಪೊಲೀಸ್ ಠಾಣೆಗೆ ನಾನು ಬಾಯಿಮಾತಿನಲ್ಲಿ ಎಷ್ಟೋ ಸಲ ಮನವಿ ಸಲ್ಲಿಸಿದ್ದೇನೆ. ಪರಿಗಣಿಸಿಲ್ಲ. ಇವತ್ತು ಮತ್ತೆ ಬಡಿದರು, ಹಂಚಿನ ಮೇಲಿದ್ದ ರೊಟ್ಟಿ ಕರಕಲಾಯಿತು. ನನ್ನ ಗಂಡನನ್ನು ಅವರು ಕರೆದೊಯ್ಯುವ ಬಗ್ಗೆ ನಾನು ಏನೂ ಹೇಳುವುದಿಲ್ಲ, ಅದು ಅವರ ಕರ್ತವ್ಯ. ಹಿಟ್ಟು ಮಾತ್ರ ನನ್ನದು.

ನನ್ನ ಗಂಡ ಭೀಮೇಶ್ ಕರೆಂಟ್ ಆಫೀಸಿನಲ್ಲಿ ಮೀಟರ್ ರೀಡರ್. ಎತ್ತರದ ಆಳು, ಕಪ್ಪು ಬಣ್ಣ. ಇವೆರಡನ್ನೂ ಅವರು ಯಾರ ಅನುಮತಿಯನ್ನೂ ಪಡೆಯದೆ ಹುಟ್ಟಿದಾಗಿನಿಂದ ಇಟ್ಟುಕೊಂಡಿದ್ದಾರೆ. ಹಡಗಲಿಯಿಂದ ಇಟ್ಟಿಗಿ ಕಡೆಗಿರುವ ನಮ್ಮೂರಿನಲ್ಲಿ ಏನೇ ಕಳುವಾಗಲಿ, ಕಳೆದುಕೊಂಡವರು ಹೇಳುವ ಗುರುತು ಒಂದೇ: "ಕರ್ರಗಿದ್ದ, ಉದ್ದಕಿದ್ದ." ನಮ್ಮ ಬಿಸಿಲಿಗೆ ಊರಿಗೆ ಊರೇ ಕರ್ರಗಿದೆ. ಇವರನ್ನು ಕರೆದೊಯ್ಯಲು ಬರುವ ಪೇದೆ ದುರುಗಣ್ಣ ಇವರಿಗಿಂತ ಒಂದು ಕೈ ಹೆಚ್ಚೇ. ಆದರೆ ಖಾಕಿಯೊಳಗಿನ ಕಪ್ಪು ಲೆಕ್ಕಕ್ಕಿಲ್ಲ, ನಮ್ಮ ಅಂಬೇಡ್ಕರ್ ಕಾಲೊನಿಯ ಕಪ್ಪಿಗೆ ಮಾತ್ರ ಲೆಕ್ಕ. ಇದು ಯಾವ ಕಾನೂನಿನಲ್ಲಿದೆಯೋ ತಿಳಿಯದು. ಹತ್ತನೇ ಕ್ಲಾಸಿನವರೆಗೆ ಆ ಪಾಠ ಬರಲಿಲ್ಲ.

ಗುರುತಿನ ಚೀಟಿಯನ್ನು ಇವರು ಕೊರಳಲ್ಲಿ ಹಾಕಿಕೊಂಡೇ ಸ್ನಾನಕ್ಕೆ ಹೋಗುತ್ತಾರೆ. ಅದನ್ನು ತೋರಿಸಿದರೆ "ಇದನ್ನ ಎಲ್ಲಿ ಕದ್ದಿ?" ಎಂದು ಕೇಳುವುದು ವಿಚಾರಣೆಯ ಮೊದಲ ಹಂತ.

ಹೀಗಿರುವಾಗ ಇವರ ಕೆಲಸ ಕಾಯಂ ಆಗುವ ಕಾಲ ಬಂತು. ಅದಕ್ಕೆ ಠಾಣೆಯಿಂದ ನಡತೆ ಪ್ರಮಾಣಪತ್ರ ಬೇಕು. ತರದಿದ್ದರೆ ಕೆಲಸವೇ ಹೋಗುತ್ತದೆ. ಹಸುಗೂಸನ್ನು ಕಂಕುಳಲ್ಲಿ ಎತ್ತಿಕೊಂಡು ನಾನೂ ಇವರ ಜೊತೆ ಹೋದೆ.

ಸಬ್ ಇನ್ಸ್‌ಪೆಕ್ಟರ್ ಗುರುಶಾಂತ ಸಾಹೇಬರು ಸಜ್ಜನರು. "ಕೇಸು ಒಂದೂ ಇಲ್ಲಮ್ಮ, ನಿಜ," ಎಂದರು. "ಆದ್ರೆ ಇಷ್ಟು ಸಲ ಕರ್ಕೊಂಬಂದು ವಿಚಾರಿಸಿದ್ರೂ ಏನೂ ಸಿಕ್ಕಿಲ್ಲ ಅಂದ್ರೆ, ಅದೇ ಒಂದು ಅನುಮಾನ ಅಲ್ವಾ?"

"ಹಂಗಾದ್ರ ಒಂದ್ಸಲ ಏನಾರ ಸಿಗ್ಲಿ ಅಂತೀರೇನ್ರಿ?" ಎಂದೆ.

"ಸಿಕ್ಕಿದ್ರೆ ಪ್ರಮಾಣಪತ್ರ ಹೆಂಗೆ ಕೊಡಕಾಗುತ್ತೆ?" ಎಂದು ಅವರು ಬೇಸರಪಟ್ಟರು.

ಸಾಹೇಬರೇ ಒಂದು ದಾರಿ ತೋರಿಸಿದರು. ಕಳುವಾದಾಗಲೆಲ್ಲ ಜೀಪು ಕಳಿಸುವುದರಿಂದ ಡೀಸೆಲ್ ದಂಡ. ಅದರ ಬದಲು ಭೀಮೇಶ್ ಮುಂಜಾನೆ ತಾವೇ ಬಂದು ಠಾಣೆಯ ಬೇವಿನ ಮರದ ಕೆಳಗೆ ಕುರ್ಚಿಯಲ್ಲಿ ಕೂರಬೇಕು, ಮಧ್ಯಾಹ್ನದ ಮೇಲೆ ಮೀಟರ್ ನೋಡಲು ಹೋಗಬೇಕು. ಕಳುವಾದ ಹೊತ್ತಿನಲ್ಲಿ ಇಲ್ಲೇ ಇದ್ದರು ಎಂದು ಒಮ್ಮೆ ರುಜುವಾತಾದರೆ ಪ್ರಮಾಣಪತ್ರ ಕೊಡಬಹುದು.

ಮರುದಿನ ಊರ ತುಂಬ ಆಟೋದಲ್ಲಿ ಮೈಕು ಕೂಗಿತು: "ಸಾರ್ವಜನಿಕರ ಗಮನಕ್ಕೆ! ಕಳ್ಳತನಕ್ಕೆ ಒಳಗಾದವರು ಇನ್ನು ಮುಂದೆ ಅಲೆದಾಡುವ ಅವಶ್ಯಕತೆ ಇರುವುದಿಲ್ಲ. ಶಂಕಿತರು ಠಾಣೆಯ ಆವರಣದಲ್ಲೇ ಲಭ್ಯವಿರುತ್ತಾರೆ. ಬಂದು ಗುರುತಿಸಿ ಸಹಕರಿಸಬೇಕಾಗಿ ವಿನಂತಿ!"

ಜನರಿಗೆ ಅನುಕೂಲವಾಯಿತು. ಕೋಳಿ ಕಳೆದುಕೊಂಡವರು, ಪಂಪ್‌ಸೆಟ್ ವೈರು ಕಳೆದುಕೊಂಡವರು ಬಂದು ಇವರನ್ನು ನೋಡಿ, ಸಮಾಧಾನ ಮಾಡಿಕೊಂಡು ಹೋಗತೊಡಗಿದರು. ಬಂದವರಿಗೆಲ್ಲ ಇವರು ಎದ್ದು ನಮಸ್ಕಾರ ಮಾಡುತ್ತಿದ್ದರು. ನಿಂತರೆ ಎತ್ತರ ಸರಿಯಾಗಿ ಕಾಣುತ್ತದೆ ಎಂದು ದುರುಗಣ್ಣನೇ ಹೇಳಿಕೊಟ್ಟಿದ್ದ.

ಒಂದು ಮುಂಜಾನೆ ನಾನು ಇವರಿಗೆ ಮಜ್ಜಿಗೆ ಒಯ್ದಿದ್ದೆ. ಮಲ್ಲಿಗೆ ವ್ಯಾಪಾರಿ ಶಿವಯೋಗಪ್ಪನವರ ಹೆಂಡತಿ ಪಂಪಮ್ಮನವರು ಎದೆ ಬಡಿದುಕೊಳ್ಳುತ್ತ ಬಂದರು. ಬಸ್ ಸ್ಟ್ಯಾಂಡಿನಲ್ಲಿ ಹೂವು ಅಳೆದು ಕೊಡುವಾಗ ಕೊರಳಿನ ಸರ ಹೋಗಿತ್ತು, ಈಗಷ್ಟೇ.

"ಇವನ! ಇವನ ಕಿತ್ಕೊಂಡು ಓಡಿದಾಂವ!"

"ಅಮ್ಮಾರ, ಇವ ಮುಂಜಾನಿಂದ ಇಲ್ಲೇ ಕುಂತಾನ್ರಿ," ಎಂದ ದುರುಗಣ್ಣ. "ನಾನ ಚಾ ಕುಡಿಸೀನಿ."

"ಹಂಗಾದ್ರ ನನ್ನ ಕಣ್ಣು ಸುಳ್ಳೇನಪಾ? ಕರ್ರಗ, ಉದ್ದಕ. ನೋಡು, ಇನ್ನೂ ಹಂಗ ಅದಾನ!"

"ಕದ್ದ ಮ್ಯಾಲೆ ಬಣ್ಣ ಬದಲಿ ಮಾಡ್ಕೋಬೇಕಿತ್ತೇನ್ರೀ ಅಮ್ಮಾರ?" ಎಂದೆ.

"ಏನ್ ಬಾಯಿ ಐತಿ ಈ ಹುಡುಗೀದು!"

"ಬಾಯಿ ನಂದಾ ಐತ್ರಿ. ಕದ್ದಿದ್ದಲ್ಲ."

ನನಗೆ ಒಳಗೊಳಗೇ ಖುಷಿ. ಸಾಕ್ಷಿ ಹೇಳಲು ಈಗ ಪೊಲೀಸರೇ ಇದ್ದರು. ಸಾಹೇಬರ ಮುಂದೆ ನಿಂತು ಪ್ರಮಾಣಪತ್ರ ಕೇಳಿದೆ. ಅವರು ಹೊರಗಿನ ಕುರ್ಚಿಯ ಕಡೆ ಕೈ ತೋರಿಸಿದರು.

"ತೊಡಕಾಗಿರೋದೇ ಇಲ್ಲಿ ಕಣಮ್ಮ," ಎಂದರು. "ಸರಿಯಾಗಿ ಕಳುವಾಗೋ ಹೊತ್ತಿಗೆ ಪೊಲೀಸರ ಕಣ್ಣೆದುರೇ ಕೂತಿದ್ದಾನೆ. ತಪ್ಪು ಮಾಡದವರು ಯಾರಾದ್ರೂ ಇಷ್ಟು ತಯಾರಿ ಮಾಡ್ಕೊಂಡಿರ್ತಾರಾ?"

ಸಂಜೆ ಸರ ಸಿಕ್ಕಿತು. ಪಂಪಮ್ಮನವರದೇ ಹೂವಿನ ಬುಟ್ಟಿಯ ತಳದಲ್ಲಿತ್ತು. ಬಗ್ಗಿ ಮೊಗ್ಗು ಅಳೆಯುವಾಗ ಕೊಂಡಿ ಕಳಚಿ ಬಿದ್ದಿರಬೇಕು ಎಂದು ನಾನು ತಿಳಿದೆ. ಪಂಪಮ್ಮನವರು ಹಾಗೆ ತಿಳಿಯಲಿಲ್ಲ. "ಅಂಜಿ ವಾಪಸ್ ಇಟ್ಟಾನ, ಪಾಪ," ಎಂದು ಠಾಣೆಗೆ ಹೇಳಿ ಕಳಿಸಿದರು.

ಸಾಹೇಬರ ಮನಸ್ಸು ಕರಗಿತು. ಅವತ್ತೇ ಪ್ರಮಾಣಪತ್ರ ಬರೆದರು: "ಸದರಿ ಭೀಮೇಶ್ ಇವರು ಠಾಣೆಯ ಕುರ್ಚಿಯಿಂದ ಏಳದೆಯೇ ಕಳವು ಮಾಡಿದ್ದು, ನಂತರ ಪಶ್ಚಾತ್ತಾಪಪಟ್ಟು, ಕುರ್ಚಿಯಿಂದ ಏಳದೆಯೇ ಮಾಲನ್ನು ಹಿಂತಿರುಗಿಸಿರುತ್ತಾರೆ. ನಡತೆ ತೃಪ್ತಿಕರ."

ನಾನು ಹರಿಯಲು ಹೋದೆ. ಇವರು ಕೈ ಹಿಡಿದರು.

"ಹರೀಬ್ಯಾಡ ಬಿಡ. ಕಡೀಗೆ ತೃಪ್ತಿಕರ ಅಂತ ಐತಲ್ಲ. ಆಫೀಸಿನಾಗ ಅಷ್ಟ ಓದ್ತಾರ."

ಅಷ್ಟೇ ಓದಿದರು. ಕೆಲಸ ಕಾಯಂ ಆಯಿತು. ನಮ್ಮ ಓಣಿಯವರು ಹಾರ ಹಾಕಿದರು. ಶಿವಯೋಗಪ್ಪನವರ ಮನೆಯಿಂದ ಒಂದು ಮೊಳ ಮಲ್ಲಿಗೆ ಬಂತು, ಇಂಥ ಕಳ್ಳರು ಊರಿಗೊಬ್ಬರು ಇರಬೇಕು ಎಂಬ ಮಾತಿನೊಂದಿಗೆ. ಮುಂಜಾನೆ ಕುರ್ಚಿಯಲ್ಲಿ ಕೂರುವುದು ಹಾಗೇ ಮುಂದುವರಿಯಿತು. ನಿಲ್ಲಿಸಿ ಎಂದು ಯಾರೂ ಹೇಳಲಿಲ್ಲ, ಇವರೂ ಕೇಳಲಿಲ್ಲ. ಜೀಪು ಬರುವುದಕ್ಕಿಂತ ಇದೇ ಮೇಲು ಎಂದರು.

ಇವತ್ತು ದುರುಗಣ್ಣ ಬಾಗಿಲು ಬಡಿದದ್ದು ಇವರ ಬುತ್ತಿ ಒಯ್ಯಲು. ಕರಕಲಾದ ರೊಟ್ಟಿ ತೆಗೆದಿಟ್ಟು ಇನ್ನೊಂದು ಬೇಯಿಸುವವರೆಗೆ ಅವನು ಹೊಸ್ತಿಲ ಮೇಲೆ ಕೂತು ಸುದ್ದಿ ಹೇಳಿದ.

"ಪ್ಲಾಸ್ಟಿಕ್ ಕುರ್ಚಿ ಕಾಲು ಮುರೀತು ತಂಗಿ. ಸಾಹೇಬ್ರು ಸಾಗವಾನಿದ ಮಾಡಿಸ್ಯಾರ. ಎರಡು ತಲಿಮಾರು ಬಾಳಿಕಿ ಬರ್ತೈತಿ, ನೋಡು."

ನಾನು ಬುತ್ತಿ ಕಟ್ಟಿದೆ. ತೊಟ್ಟಿಲಲ್ಲಿ ಮಗು ಅತ್ತಿತು. ದುರುಗಣ್ಣ ಎದ್ದು ಬಗ್ಗಿ ನೋಡಿದ, ಅದರ ಕೆನ್ನೆ ಸವರಿದ. ಒಳ್ಳೆಯ ಮನುಷ್ಯ, ಅವನಿಗೂ ಮಕ್ಕಳಿದ್ದಾರೆ. ಆಮೇಲೆ ನನ್ನ ಕಡೆ ತಿರುಗಿ, ಮಗು ನೋಡಿದವರೆಲ್ಲ ಕೇಳುವುದನ್ನೇ ಕೇಳಿದ:

"ಮಗ ಯಾರ ಹಂಗ ಆಗ್ಯಾನ ತಂಗಿ? ನಿನ್ನ ಹಂಗೋ, ಅವರಪ್ಪನ ಹಂಗೋ?"