ಬೆಟ್ಟಯ್ಯನ ಬೆನ್ನಿಗೆ ಯಾರೂ ಇರಲಿಲ್ಲ

ನಿಮ್ಮ ದೊಡ್ಡತಾತನ ಕೈಕೆಳಗೆ ಮೂವರು ದೈತ್ಯರು ಕೆಲಸಕ್ಕಿದ್ದರು ಎಂದರೆ ನೀವು ನಗುತ್ತೀರಿ. ನಗಿ ಮಕ್ಕಳೇ. ಆದರೆ ಗೋವಿಂದರಾಜನಗರದ ನಮ್ಮ ಮನೆಯಲ್ಲಿ ದಿನಾ ಬೆಳಿಗ್ಗೆ ಹತ್ತಕ್ಕೆ ಆ ಮೂವರ ಹಾಜರಿ ಆಗಲೇಬೇಕಿತ್ತು. ಅದಾಗದೆ ದೊಡ್ಡತಾತ ಎರಡನೇ ಕಾಫಿಯನ್ನೂ ಮುಟ್ಟುತ್ತಿರಲಿಲ್ಲ!

ದೊಡ್ಡತಾತ ಎಂದರೆ ನನ್ನ ಯಜಮಾನರ ಅಣ್ಣ, ನನಗೆ ಭಾವ. ಶಾಲೆಯಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವರು. ರಿಟೈರಾದ ಮೇಲೆ ಸೀಟಿ ಊದಿದರೆ ಓಡುವವರು ಯಾರೂ ಇಲ್ಲದೆ ಚಡಪಡಿಸುತ್ತಿದ್ದರು. ಬೇಸಿಗೆ ರಜೆಗೆ ಬಂದಿದ್ದ ನಿಮ್ಮಲ್ಲಿ ಹಿರಿಯವಳು ಟ್ಯಾಬಿನಲ್ಲಿ ಒಂದು ಯುದ್ಧದ ಆಟ ಹಾಕಿಕೊಟ್ಟು ಹೋದಳು. ಅದರಲ್ಲಿ ಮಾಟಗಾರರು, ಬಿಲ್ಲುಗಾರರು, ಗುರಾಣಿ ಹಿಡಿದ ಕುಳ್ಳ ಸೈನಿಕರು ಎಲ್ಲ ಇದ್ದರು. ಭಾವನ ಕಣ್ಣಿಗೆ ಬಿದ್ದವರು ಮನೆಯೆತ್ತರದ ಮೂವರು ದೈತ್ಯರು ಮಾತ್ರ. ಅವರಿಗೆ ದೊಡ್ಡಯ್ಯ, ಬೆಟ್ಟಯ್ಯ, ಗುಡ್ಡಯ್ಯ ಎಂದು ಹೆಸರಿಟ್ಟರು.

“ಬೆಟ್ಟಯ್ಯ, ಎದೆ ಮುಂದಕ್ಕೆ! ಏನೋ ಅದು ನಡಿಗೆ, ತಿಂಡಿ ತಿಂದಿಲ್ವೇನೋ?”

ಒಂದು ದಿನ ಅವರು “ಅಯ್ಯೋ, ಬೆಟ್ಟಯ್ಯ ಹೋಗ್ಬಿಟ್ಟ!” ಎಂದು ಕೂಗಿದ್ದು ಬೀದಿಗೆ ಕೇಳಿಸಿತು. ಎದುರುಮನೆಯಾಕೆ ಸೆರಗು ಸರಿಮಾಡಿಕೊಂಡು ಓಡಿಬಂದಳು.

“ಯಾರು ಸಾರ್, ಹತ್ತಿರದ ನೆಂಟ್ರಾ?”

“ನೆಂಟ ಅಲ್ಲ ಕಣಮ್ಮ, ನಮ್ಮ ಹುಡುಗ. ಬೆಳಿಗ್ಗೆಯಿಂದ ಮೂರನೇ ಸಲ ಸಾಯ್ತಾ ಇರೋದು!”

ಆಕೆ ಅಲ್ಲಿಂದ ನೇರ ಅಡುಗೆಮನೆಗೆ ಬಂದು, “ಆಂಟಿ, ಸಾರ್ ಹುಷಾರಾಗಿದಾರೆ ತಾನೇ?” ಎಂದು ನನ್ನ ಕಿವಿಯಲ್ಲಿ ಕೇಳಿದಳು.

ಈಗ ನನ್ನ ಕಥೆ. ನಮ್ಮೂರ ಕಡೆ ಸೊಸೆಯಾಗಿ ಬಂದವಳು ಭಾವನ ಎದುರು ನಿಂತು ಮಾತಾಡುತ್ತಿರಲಿಲ್ಲ. ನಿಮ್ಮ ತಾತ ಹೋದ ಮೇಲೆ ನಾನು ಭಾವನ ಮನೆಯಲ್ಲೇ ಇದ್ದರೂ ಆ ಅಭ್ಯಾಸ ಬಿಡಲಿಲ್ಲ. ನಮ್ಮ ಮಾತೆಲ್ಲ ಅವರ ಹೆಂಡತಿ, ನನ್ನ ಓರಗಿತ್ತಿ ಅಕ್ಕನ ಮೂಲಕ. ಅಕ್ಕ ಮಾರ್ಕೆಟ್ಟಿಗೆ ಹೋಗಿದ್ದರೆ ಭಾವ ಗೋಡೆಯ ಕ್ಯಾಲೆಂಡರಿಗೆ, “ಕಾಫಿ ಬಂದಿದ್ರೆ ಚೆನ್ನಾಗಿತ್ತಪ್ಪ” ಎನ್ನುವರು. ನಾನು ಸ್ಟೂಲಿನ ಮೇಲೆ ಲೋಟ ಇಟ್ಟು, ಲೋಟಕ್ಕೇ “ಆರೋಗುತ್ತೆ” ಎಂದು ಹೇಳಿ ಒಳಗೆ ಓಡುವೆ. ಹೊಸಬರು ನೋಡಿದ್ದರೆ ಇಬ್ಬರಿಗೂ ತಲೆ ಕೆಟ್ಟಿದೆ ಎನ್ನುತ್ತಿದ್ದರು!

ಆದರೆ ಕಣ್ಣಿಗೆ ಯಾವ ಕಟ್ಟುಪಾಡು? ಬೆಳ್ಳುಳ್ಳಿ ಬಿಡಿಸುವ ನೆಪದಲ್ಲಿ ಅಡುಗೆಮನೆ ಬಾಗಿಲಲ್ಲಿ ನಿಂತು ಅವರ ಹೆಗಲ ಮೇಲಿಂದ ಆಟವನ್ನೆಲ್ಲ ನೋಡುತ್ತಿದ್ದೆ. ಅವರು ಸೋಲುವುದು ಯಾಕೆಂದು ಒಂದೇ ವಾರದಲ್ಲಿ ನನಗೆ ತಿಳಿಯಿತು. ದೈತ್ಯನ ಒಂದು ಏಟಿಗೆ ಹತ್ತು ಜನ ಉರುಳುತ್ತಾರೆ, ನಿಜ. ಆದರೆ ಅವನು ತಿರುಗುವುದು ನಿಧಾನ. ಅಷ್ಟರಲ್ಲಿ ಎದುರಾಳಿಯ ಈಟಿಯವರು ಹಿಂದಿನಿಂದ ಬಂದು ಚುಚ್ಚುತ್ತಾರೆ. ಊರಲ್ಲಿ ನಮ್ಮ ಎಮ್ಮೆಯನ್ನು ನಾಯಿಗಳು ಕಾಡುತ್ತಿದ್ದುದೂ ಹಾಗೆಯೇ, ಕೊಂಬಿನ ಕಡೆ ಬರುತ್ತಿರಲಿಲ್ಲ, ಹಿಂಗಾಲಿಗೆ ಬಾಯಿ ಹಾಕುತ್ತಿದ್ದವು. ಅದಕ್ಕೇ ನಾನು ಕೋಲು ಹಿಡಿದು ಎಮ್ಮೆಯ ಹಿಂದೆ ನಡೆಯುತ್ತಿದ್ದೆ. ದೈತ್ಯನ ಹಿಂದೆಯೂ ನಾಲ್ಕು ಗುರಾಣಿಯವರು ನಡೆದರೆ ಸಾಕಿತ್ತು. ಗಾಯವಾದವನನ್ನು ಮಾಟಗಾರನ ಹತ್ತಿರ ಕರೆತಂದು, ವಾಸಿಮಾಡಿ ಮತ್ತೆ ಕಳಿಸಬೇಕಿತ್ತು. ಭಾವನೋ, “ನಮ್ಮ ಬೆಟ್ಟಯ್ಯನಿಗೆ ಕುಳ್ಳರ ಕಾವಲು ಯಾಕೆ?” ಎಂದು ಒಬ್ಬೊಬ್ಬನನ್ನೇ ಮುಂದೆ ಅಟ್ಟುತ್ತಿದ್ದರು. ಕುಳ್ಳರೆಲ್ಲ ಡೇರೆಯ ಮುಂದೆ ಕೈಕಟ್ಟಿ ನಿಂತಿರುತ್ತಿದ್ದರು.

ಆಟದ ಕೊನೆಯಲ್ಲಿ ಒಂದು ಕಲ್ಲುಕೋಟೆ. ಅದನ್ನು ಗೆಲ್ಲಬೇಕೆನ್ನುವುದೊಂದೇ ಅವರ ಆಸೆ. ಎಷ್ಟು ಸಲ ಸೋತರೋ! ಒಂದು ದಿನ ಅಕ್ಕನಿಗೆ ಕೇಳುವಂತೆ ಹೇಳಿದರು: “ಇವತ್ತು ಕೊನೇ ಸಲ ಕಣೇ. ಆಗ್ಲಿಲ್ಲ ಅಂದ್ರೆ ಮುಟ್ಟಲ್ಲ.”

ಅಂದೂ ನಾನು ಬಾಗಿಲಲ್ಲಿ ನಿಂತಿದ್ದೆ. ಬೆಟ್ಟಯ್ಯ ಒಬ್ಬನೇ ಕೋಟೆ ಬಾಗಿಲಿಗೆ ಹೋದ. ಈಟಿಯವರು ಪಕ್ಕದ ಗೋಡೆ ಬಳಸಿ ಬರುವುದು ನನಗೆ ಕಾಣುತ್ತಿತ್ತು. ಹೊಸಿಲು ದಾಟಿದೆ. “ಹಿಂದೆ” ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಭಾವ ತಲೆ ಎತ್ತಿದರು.

“ಕಾಫಿ ಆರೋಗುತ್ತೆ,” ಎಂದೆ. ಸ್ಟೂಲಿನ ಮೇಲೆ ಕಾಫಿಯೇ ಇರಲಿಲ್ಲ!

ಬೆಟ್ಟಯ್ಯ ಬಿದ್ದ. ಭಾವ ಟ್ಯಾಬನ್ನು ಬೀರುವಿನಲ್ಲಿಟ್ಟು ಬಾಗಿಲು ಹಾಕಿದರು. ಅಂದಿನಿಂದ ಮನೆಯಲ್ಲಿ ಹಾಜರಿಯೂ ಇಲ್ಲ, ಕೂಗೂ ಇಲ್ಲ. ಅವರು ಮಧ್ಯಾಹ್ನವೆಲ್ಲ ಕಿಟಕಿಯಲ್ಲಿ ಬೀದಿ ನೋಡುತ್ತ ಕೂರುವರು. ನಾಳೆ ಹೇಳೋಣ, ಅಕ್ಕನ ಕೈಲಿ ಹೇಳಿಸೋಣ ಎಂದುಕೊಳ್ಳುತ್ತಲೇ ನಾನು ದಿನ ಕಳೆದೆ. ಆ ಮಳೆಗಾಲದಲ್ಲಿ ಅವರು ಎದೆನೋವೆಂದು ಮಲಗಿದವರು ಏಳಲಿಲ್ಲ.

ತಿಂಗಳಾದ ಮೇಲೆ ಬೀರು ತೆಗೆದೆ. ಬೆಟ್ಟಯ್ಯನ ಹಿಂದೆ ನಾಲ್ವರನ್ನು ನಿಲ್ಲಿಸಿದೆ. ಅವನಿಗೆ ಏಟು ಬಿದ್ದಾಗ ವಾಪಸು ಕರೆದೆ, ವಾಸಿಯಾದ ಮೇಲೆ ಕಳಿಸಿದೆ. ಸಾರಿನ ಕುದಿ ಬರುವಷ್ಟರಲ್ಲಿ ಕೋಟೆ ಬಿತ್ತು. ಇಷ್ಟೇನಾ! ಅಳು ತಡೆಯಲಾಗದೆ ಅಕ್ಕನಿಗೆ ಎಲ್ಲ ಹೇಳಿಬಿಟ್ಟೆ.

ಅಕ್ಕ ಸಾರಿನ ಒಲೆ ಆರಿಸಿ ಬಂದಳು. ಆಮೇಲೆ ಹೇಳಿದಳು: “ನೀನು ನಿಂತು ನೋಡ್ತಿದ್ದದ್ದು ಅವರಿಗೆ ಗೊತ್ತಿತ್ತು ಕಣೇ. ‘ಅವಳಿಗೆ ಏನೋ ಹೊಳೆದಿದೆ’ ಅಂತಿದ್ರು. ‘ಕೇಳಿ ಮತ್ತೆ’ ಅಂತ ನಾನಂದೆ. ‘ಬೇಡ, ಕೇಳಿದ್ರೆ ನಾಚ್ಕೊಂಡು ಒಳಗೆ ಹೋಗ್ಬಿಡ್ತಾಳೆ. ನಾಳೆಯಿಂದ ನೋಡೋಕೂ ಬರಲ್ಲ’ ಅಂದ್ರು.”