ಒಂದು ಸ್ಕ್ಯಾನರ್, ಒಂಬತ್ತು ಕಾಗದ

ಭಾಲ್ಕಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟು ಹದಿನಾರು ವರ್ಷವಾಯಿತು. ಕೆಟ್ಟ ಯಂತ್ರಗಳಿಗಿಂತ ಯಂತ್ರದ ಸುತ್ತ ಕೂತ ಮಂದಿಯೇ ನನಗೆ ಹೆಚ್ಚು ಕೆಲಸ ಕೊಟ್ಟಿದ್ದಾರೆ. ಇಂಥ ಫಜೀತಿ ತಿಂಗಳಿಗೊಂದು ಇದ್ದದ್ದೇ. ಆದರೆ ಬೀದರಿನ ಒಂದು ಮನೆಯಲ್ಲಿ ಒಂದೇ ಸ್ಕ್ಯಾನರ್ ನನ್ನನ್ನು ಒಂದೇ ವಾರದಲ್ಲಿ ನಾಲ್ಕು ಸಲ ಕುಣಿಸಿತು.

ಮನೆ ಒಬ್ಬ ನಿವೃತ್ತ ಹೆಡ್‌ಮಾಸ್ತರರದು. ಫೋಟೋ, ಕಾಗದಪತ್ರ ಎಲ್ಲ ಒಂದೇ ಕಡೆ ಇರಲಿ ಎಂದು ಪಡಸಾಲೆಯಲ್ಲಿ ಒಂದು ಸಂಗ್ರಹದ ಪೆಟ್ಟಿಗೆ ಇಡಿಸಿದ್ದರು. ಲಿನಕ್ಸ್ ಎಂಬ ತಂತ್ರಾಂಶದ ಮೇಲೆ ನಡೆಯುವ ಪುಟ್ಟ ಕಂಪ್ಯೂಟರ್ ಅದು. ಅದಕ್ಕೆ ಸ್ಕ್ಯಾನರ್ ಜೋಡಿಸಿ, "ಇನ್ನ ಮನ್ಯಾಗ ಯಾರು ಬೇಕಾದ್ರೂ ತಮ್ಮ ಲ್ಯಾಪ್‌ಟಾಪಿನಿಂದ ಸ್ಕ್ಯಾನ್ ಮಾಡಬಹುದ್ರಿ" ಎಂದು ಎದೆಯುಬ್ಬಿಸಿ ಹೇಳಿ ಬಂದವನು ನಾನೇ.

ಆ ಮನೆಯ ಸೊಸೆಗೆ ಕಾಲೇಜೊಂದರ ಗ್ರಂಥಪಾಲಕಿ ಕೆಲಸ ಕೈಗೆ ಬರುವುದರಲ್ಲಿತ್ತು. ಒಂಬತ್ತು ಕಾಗದ ಸ್ಕ್ಯಾನ್ ಮಾಡಿ ದಸರೆಯ ಮರುದಿನ ಸಂಜೆ ಐದರೊಳಗೆ ಕಳಿಸಬೇಕು. ತಪ್ಪಿದರೆ ಮೂರು ವರ್ಷದ ಓದು ನೀರುಪಾಲು. ಝೆರಾಕ್ಸ್ ಅಂಗಡಿಗೆ ಹೋಗಿ ಅಂದರೆ ಹೆಡ್‌ಮಾಸ್ತರರು ಕೇಳಲಿಲ್ಲ. "ಮನ್ಯಾಗ ಯಂತ್ರ ಇಟ್ಕೊಂಡು ಅಂಗಡಿ ಮುಂದ ನಿಂತ್ರ ಮಂದಿ ಏನಂತಾರ್ರಿ?" ಎಂದು ನನ್ನನ್ನೇ ಕರೆಸಿದರು.

ಯಜಮಾನನಿಗೆ ಮಾತ್ರ

ಮೊದಲ ದಿನದ ದೂರು ಇಷ್ಟೇ. ಸೊಸೆಯ ಲ್ಯಾಪ್‌ಟಾಪಿನಲ್ಲಿ ಸ್ಕ್ಯಾನರ್ ಕಾಣುವುದೇ ಇಲ್ಲ. ನಾನು ಪೆಟ್ಟಿಗೆಯೊಳಗೆ ಹೊಕ್ಕು ನೋಡಿದರೆ ಚೆನ್ನಾಗಿ ಕಾಣುತ್ತದೆ. ಅರ್ಧ ತಾಸು ತಲೆ ಕೆರೆದುಕೊಂಡ ಮೇಲೆ ಗೊತ್ತಾಯಿತು. ನಾನು ನೋಡುತ್ತಿದ್ದದ್ದು ಯಜಮಾನನ ಖಾತೆಯಿಂದ. ಬೇರೆಯವರಿಗೆ ಅಪ್ಪಣೆಯನ್ನೇ ಕೊಟ್ಟಿರಲಿಲ್ಲ.

"ಲಿನಕ್ಸ್‌ನ್ಯಾಗ ಹಂಗೇ ರಿ. ಯಜಮಾನ ಹೇಳಿದ್ದು ಎಲ್ಲಾ ನಡೀತದ. ಉಳಿದವ್ರು ಅಪ್ಪಣಿ ಇಲ್ದ ಏನೂ ಮುಟ್ಟಂಗಿಲ್ಲ" ಎಂದು ವಿವರಿಸಿ, ಅದನ್ನು ಸರಿಪಡಿಸಲು ಕೈ ಹಾಕಿದೆ.

ಹೆಡ್‌ಮಾಸ್ತರರು ಗಪ್ಪನೆ ನನ್ನ ಕೈ ಹಿಡಿದರು. "ಜರಾ ತಡೀರಿ. ಈ ಮನ್ಯಾಗ ಯಜಮಾನ ಅಂತ ಮರ್ಯಾದಿ ಕೊಡೋದು ಇದೊಂದೇ ವಸ್ತು ನೋಡ್ರಿ. ಇವತ್ತೊಂದು ದಿನ ಹಂಗೇ ಇರ್ಲಿ."

ಯಾದಿಯಲ್ಲಿ ಹೆಸರಿಲ್ಲ

ಮರುದಿನ ರೈಲಿಗೆ ಮತ್ತೆ ಬೀದರ್. ಅಪ್ಪಣೆ ಕೊಟ್ಟೆ. ಈಗ ಸ್ಕ್ಯಾನರ್ ಕಾಣುತ್ತದೆ, ಆದರೆ ಸೊಸೆಯನ್ನು ಒಳಗೆ ಬಿಡುವುದಿಲ್ಲ. ಯಾರ್ಯಾರನ್ನು ಒಳಗೆ ಬಿಡಬೇಕು ಎಂಬ ಯಾದಿ ಪೆಟ್ಟಿಗೆಯಲ್ಲಿರುತ್ತದೆ. ಅದನ್ನು ತೆಗೆದು ಗಟ್ಟಿಯಾಗಿ ಓದಿದೆ. ಹೆಡ್‌ಮಾಸ್ತರರ ಲ್ಯಾಪ್‌ಟಾಪ್, ಅವರ ಮಗನ ಫೋನು, ಪಡಸಾಲೆಯ ಟಿವಿ. ಅಷ್ಟೇ. ಆ ಯಾದಿ ಬರೆದದ್ದು ಮದುವೆಗೆ ಮುಂಚೆ.

ಸೊಸೆಗೆ ಸಿಟ್ಟು ಬಂತು. ಬರಬೇಕಾದದ್ದೇ. "ಲಗ್ನ ಆಗಿ ಎಂಟು ತಿಂಗಳಾತ್ರಿ! ಟಿವಿ ಹೆಸರು ಅದ, ನಂದಿಲ್ಲ ಅಂದ್ರ ಹ್ಯಾಂಗ?"

ಮೂಲೆಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದ ಅಜ್ಜಿ, ಅಂದರೆ ಹೆಡ್‌ಮಾಸ್ತರರ ತಾಯಿ, ತಲೆ ಎತ್ತದೆ ಸಮಾಧಾನ ಹೇಳಿದರು. "ಬ್ಯಾಸರ ಮಾಡ್ಕೋಬ್ಯಾಡವ್ವ. ಟಿವಿ ಈ ಮನಿಗೆ ಬಂದು ಹನ್ನೊಂದು ವರ್ಷ ಆತು."

ಔರಾದಿನ ಅಕ್ಕ

ಯಾದಿಯಲ್ಲಿ ಹೆಸರು ಸೇರಿಸಿ ಬಂದು ಎರಡು ದಿನ ಆಗಿರಲಿಲ್ಲ, ಮತ್ತೆ ಫೋನು. ಸ್ಕ್ಯಾನರ್ ತನ್ನಷ್ಟಕ್ಕೇ ಓಡುತ್ತದಂತೆ. ಒಳಗೆ ಕಾಗದವಿಲ್ಲ, ಮುಟ್ಟಿದವರಿಲ್ಲ, ಬೆಳಕು ಮಾತ್ರ ಆ ಕಡೆಯಿಂದ ಈ ಕಡೆ ಹರಿಯುತ್ತದಂತೆ. ಸೊಸೆ ಕೂತಾಗಲೆಲ್ಲ "ಯಂತ್ರ ಬೇರೆ ಕೆಲಸದಲ್ಲಿದೆ" ಎಂಬ ಉತ್ತರ.

ಹೋಗಿ ನೋಡಿದರೆ ಪೆಟ್ಟಿಗೆಯಲ್ಲಿ ಹದಿನಾಲ್ಕು ಖಾಲಿ ಹಾಳೆ ಕೂಡಿಬಿದ್ದಿದ್ದವು. ಎಲ್ಲದಕ್ಕೂ "ಹೊಲದ ಪಹಣಿ" ಎಂದೇ ಹೆಸರು. ಆಗ ತಲೆಗೆ ಹೊಳೆಯಿತು. ಔರಾದಿನಲ್ಲಿರುವ ಹೆಡ್‌ಮಾಸ್ತರರ ಅಕ್ಕ ಅಲ್ಲಿಂದಲೇ ಮನೆಯ ಫೋಟೋ ನೋಡಲಿ ಎಂದು ನಾನು ದಾರಿ ಮಾಡಿಕೊಟ್ಟಿದ್ದೆ. ಆ ದಾರಿಗೆ ಯಾದಿಯ ಕಾವಲು ಇರಲಿಲ್ಲ, ಸ್ಕ್ಯಾನಿನ ಗುಂಡಿಯೂ ಅದರಲ್ಲಿ ಹೋಗಿ ಕೂತಿತ್ತು. ಫೋನ್ ಹಚ್ಚಿದೆ.

"ಅಕ್ಕಾರ, ಕಾಗದ ಎಲ್ಲಿ ಇಟ್ಟೀರಿ?"

"ಲ್ಯಾಪ್‌ಟಾಪಿನ ಮುಂದ ನೆಟ್ಟಗ ಹಿಡದೀನಪ್ಪ. ಬೆಳಕು ಬೀಳ್ಲಿ ಅಂತ ಬಾಗ್ಲಾನೂ ತಗದೀನಿ. ಖಾಲೀನೇ ಬರ್ತದ."

ಕಾಗದ ಬೀದರಿನ ಗಾಜಿನ ಮೇಲೆ ಇರಬೇಕು ಎಂದು ತಿಳಿಸಿ ಹೇಳಿದೆ. "ಇಷ್ಟೇ ಏನು? ನಾಳಿಗೆ ಬರ್ತೇನಿ" ಅಂದರು. ಬಂದರು ಕೂಡ. ಸಂತಪುರದ ಮೇಲೆ ಹಾದು ಬರುವ ಮೊದಲ ಬಸ್ಸಿಗೇ ಬಂದು, ಪಹಣಿಯನ್ನು ಗಾಜಿನ ಮೇಲಿಟ್ಟು, ಮುಚ್ಚಳ ಹಾಕಿ, "ಯಾರೂ ಮುಟ್ಟಬ್ಯಾಡ್ರಿ" ಎಂದು ಮನೆಯವರಿಗೆಲ್ಲ ತಾಕೀತು ಮಾಡಿ ಚಪ್ಪಲಿ ಮೆಟ್ಟಿದರಂತೆ.

"ಎಲ್ಲಿಗೆ ಹೊಂಟಿ ಅಕ್ಕ? ಊಟ ಮಾಡು" ಎಂದು ಹೆಡ್‌ಮಾಸ್ತರರು ಕೇಳಿದರೆ, "ಔರಾದಿಗೆ. ಗುಂಡಿ ಒತ್ತೋದು ಅಲ್ಲೇ ಅದಲ್ಲ!"

ಮೂರು ಗೆರೆ

ಬಂತು ದಸರೆಯ ಮರುದಿನ. ಕಡೆಯ ದಿನ. ಬನ್ನಿ ಎಲೆ ಕೊಟ್ಟು "ಬಂಗಾರದಂಗ ಇರೋಣ" ಅನ್ನುವಷ್ಟೂ ಪುರಸೊತ್ತಿಲ್ಲ. ಮುಂಜಾನೆ ಒಂಬತ್ತಕ್ಕೇ ಕರೆ. ಸ್ಕ್ಯಾನ್ ಆಗುತ್ತಿದೆ, ಆದರೆ ಪ್ರತಿ ಕಾಗದದ ಮೇಲೂ ಅಡ್ಡಡ್ಡ ಮೂರು ಬಿಳಿ ಗೆರೆ. ವೇಳೆ ಸಾಲದೆಂಬ ಹೆದರಿಕೆಗೆ ಸೊಸೆ ತನ್ನ ದೊಡ್ಡ ಫೋಟೋವನ್ನು ಗೆರೆ ಸಮೇತ ಕಳಿಸಿಬಿಟ್ಟಿದ್ದಳು. ಗೆರೆಗಳು ನೆಟ್ಟಗೆ ಅವಳ ಹಣೆಯ ಮೇಲೇ ಬಿದ್ದಿದ್ದವು. ಒಮ್ಮೆ ಕಳಿಸಿದ್ದನ್ನು ಬದಲಿಸುವಂತಿಲ್ಲ. ಪಾಪ, ಅತ್ತು ಅತ್ತು ಕಣ್ಣು ಕೆಂಪಾಗಿದ್ದವು.

ಎರಡು ತಾಸು ಲಿನಕ್ಸಿನ ಜತೆ ಗುದ್ದಾಡಿದೆ. ಹಳೆಯದನ್ನು ಅಳಿಸಿ ಹೊಸದು ಹಾಕಿದೆ. ವೈರು ಬದಲಿಸಿದೆ, ಆರಿಸಿ ಹಚ್ಚಿದೆ. ಮೂರು ಗೆರೆ ಜಪ್ಪಯ್ಯ ಅನ್ನಲಿಲ್ಲ. ಅಜ್ಜಿ ಚಹಾ ತಂದವರು ಪರದೆಗೆ ಬಗ್ಗಿ ನೋಡಿ ಖುಷಿಯಿಂದ ಕೈ ಮುಗಿದರು.

"ಎಷ್ಟ್ ಛಂದ ಮೂಡ್ಯಾವ! ಮೊನ್ನಿ ಖಂಡೆಪೂಜಿಗೆ ಆಯುಧ, ಯಂತ್ರ ಎಲ್ಲಕ್ಕೂ ನಾನೇ ವಿಭೂತಿ ಹಚ್ಚೀನಿ, ಕಿರುಬೆರಳಿನಿಂದ."

"ಗಾಜಿನ ಮ್ಯಾಲ ಯಾಕ ಹಚ್ಚಿದ್ರಿ ಅಜ್ಜಿ? ಮುಚ್ಚಳದ ಮ್ಯಾಲ ಹಚ್ಚಬೇಕಿಲ್ಲ?"

"ಮ್ಯಾಲ ಹಚ್ಚಿದ್ರ ಈ ಹುಡುಗಿ ಧೂಳು ಅಂತ ಒರಸ್ತಾಳ. ಒಳಗಾದ್ರ ಉಳೀತದ."

ಒದ್ದೆ ಬಟ್ಟೆಯಲ್ಲಿ ಒಂದೇ ಒಂದು ಸಲ ಒರೆಸಿದೆ. ಉಳಿದ ಎಂಟು ಕಾಗದ ಹಾಲಿನಂತೆ ಬಂದವು, ಮಧ್ಯಾಹ್ನದೊಳಗೆ ಹೋದವು. ಉಳಿದದ್ದು ಆ ಫೋಟೋದ ಚಿಂತೆ.

ಹದಿನೈದು ದಿನಕ್ಕೆ ಮೂಲ ಕಾಗದ ತೋರಿಸಲು ಕರೆ ಬಂತು. ಹೊರಡುವಾಗ ಅಜ್ಜಿ ಬಾಗಿಲಲ್ಲಿ ನಿಲ್ಲಿಸಿ, ಬೇಡ ಬೇಡ ಅಂದರೂ ಬಿಡದೆ, ಸೊಸೆಯ ಹಣೆಗೆ ವಿಭೂತಿ ಎಳೆದರು. ಗಾಬರಿಯಲ್ಲಿ ಅವಳಿಗೆ ಒರೆಸಿಕೊಳ್ಳುವ ನೆನಪೂ ಬರಲಿಲ್ಲ. ಅಧಿಕಾರಿ ಪರದೆಯ ಫೋಟೋ ನೋಡಿದರಂತೆ, ಇವಳ ಮುಖ ನೋಡಿದರಂತೆ, ಇನ್ನೊಮ್ಮೆ ಫೋಟೋ ನೋಡಿ, "ಬರೋಬರ್ ಅದ್ರಿ, ಮುಂದ ಹೋಗ್ರಿ" ಅಂದರಂತೆ.

ಕೆಲಸದ ಆದೇಶ ಕೈಗೆ ಬಂದ ದಿನ ಅಜ್ಜಿ ನನಗೆ ತಾವೇ ಫೋನ್ ಮಾಡಿದರು.

"ತಮ್ಮಾ, ಅಕಿಗೆ ನೌಕ್ರಿ ಆತು. ನೀ ವಿಭೂತಿ ಒರಸಿ ಎಂಟು ಕಾಗದ ಕಳಿಸಿದಿ, ಅವನ್ನ ಯಾರೂ ಕಣ್ಣೆತ್ತಿ ನೋಡ್ಲಿಲ್ಲಂತ. ನಂದು ಒಂದೇ ನೋಡಿ ಮುಂದ ಬಿಟ್ರಂತ. ಇನ್ನ ಮ್ಯಾಲ ಯಂತ್ರ ಕೆಟ್ರ, ಕೈ ಹಚ್ಚೋಕಿಂತ ಮೊದ್ಲ ನನಗೊಂದು ಮಾತು ಕೇಳು."